ಪುಣೆಗೆ ಬಾ, ಆದರೆ ಪಾಸಾಗಿ ಬಾ

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ವಿಜಯಪುರದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ, ಕೊನೆಯ ಸೆಮಿಸ್ಟರ್, ವಯಸ್ಸು 19. 'ಪುಣೆಯಲ್ಲಿ ಇಂಟರ್ನ್‌ಶಿಪ್‌ಗೆ ಸರ್ಕಾರವೇ ದುಡ್ಡು ಕೊಡುತ್ತದಂತೆ, ಈಗಲೇ ಬಂದುಬಿಡಲಾ?' ಅಂತ ಕೇಳಿದ್ದೀಯ. ನಾನು ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಮಶಿನ್ ಶಾಪ್ ನಡೆಸುತ್ತೇನೆ. ವರ್ಷಕ್ಕೆ ಒಬ್ಬಿಬ್ಬರು ಹುಡುಗರನ್ನು ಅಪ್ರೆಂಟಿಸ್, ಅಂದರೆ ಕೆಲಸ ಕಲಿಯುವವರು, ಅಂತ ತೆಗೆದುಕೊಳ್ಳುತ್ತೇನೆ. ಹಾಗಾಗಿ ಮಾಲೀಕನ ಲೆಕ್ಕವೂ ಗೊತ್ತು.

ದುಡ್ಡು ಇರೋದು ನಿಜ. ಆದರೆ ಅದರಲ್ಲಿ ಹೆಚ್ಚಿನದು ಓದು ಮುಗಿಸಿದವರಿಗೆ. ಮಹಾರಾಷ್ಟ್ರ ಸರ್ಕಾರ 2024ರಲ್ಲಿ ತಂದ ಮುಖ್ಯಮಂತ್ರಿ ಯುವ ಕಾರ್ಯ ಪ್ರಶಿಕ್ಷಣ ಯೋಜನೆಯನ್ನೇ ನೋಡು. ಡಿಪ್ಲೊಮಾದವರಿಗೆ ತಿಂಗಳಿಗೆ 8000 ರೂಪಾಯಿ, ಕಂಪನಿಗೆ ಖರ್ಚೇ ಇಲ್ಲ. ಆದರೆ ಅದು ಇಲ್ಲಿಯ ನಿವಾಸಿಗಳಿಗೆ ಮಾತ್ರ, ಇನ್ನೂ ಓದುತ್ತಿರುವವರಿಗೆ ಇಲ್ಲ. ನೀನು ಎರಡರಲ್ಲೂ ಹೊರಗೆ. ಯಾರಾದರೂ 'ನಿನಗೂ ಮಾಡಿಸಿಕೊಡ್ತೀನಿ, ಎರಡು ಸಾವಿರ ಕೊಡು' ಅಂದರೆ ಸುಮ್ನೆ ಎದ್ದು ಬಾ. ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಗೂ 2024ರಲ್ಲಿ ಶುರುವಾದಾಗ 21ರಿಂದ 24 ವಯಸ್ಸು ಕೇಳಿದ್ದರು.

ನಿನಗೆ ಹೊಂದೋದು ನ್ಯಾಟ್ಸ್ (NATS), ಅಂದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆ. ಕೇಂದ್ರ ಸರ್ಕಾರದ್ದು, ಡಿಪ್ಲೊಮಾ ಮತ್ತು ಡಿಗ್ರಿ ಮುಗಿಸಿದವರಿಗೆ. ಯಾವ ರಾಜ್ಯದವನು ಅಂತ ಅಡ್ಡಿ ಇಲ್ಲ. 2019ರ ನಿಯಮದಲ್ಲಿ ಡಿಪ್ಲೊಮಾಕ್ಕೆ ಕನಿಷ್ಠ ಸ್ಟೈಪೆಂಡ್ (ತಿಂಗಳ ಭತ್ಯೆ) 8000 ಇತ್ತು. ಅದರ ಅರ್ಧವನ್ನು ಸರ್ಕಾರ ಹಾಕುತ್ತದೆ, ಉಳಿದದ್ದು ಕಂಪನಿಯದು. ಇದನ್ನು ಏರಿಸಬೇಕು ಅಂತ 2025ರಲ್ಲಿ ಶಿಫಾರಸು ಆಗಿತ್ತು, ಈಗಿನ ಮೊತ್ತ ಕೇಳಿ ತಿಳಿದುಕೋ. ಇಲ್ಲಿಯ ಕಂಪನಿಗಳ ವ್ಯವಹಾರ ನೋಡಿಕೊಳ್ಳುವ ಅಪ್ರೆಂಟಿಸ್ ತರಬೇತಿ ಬೋರ್ಡ್ ಆಫೀಸು ಮುಂಬೈಯ ಸಾಯನ್‌ನಲ್ಲಿದೆ, ಆದರೆ ನೀನು ಅಲ್ಲಿಗೆಲ್ಲ ಓಡಬೇಕಿಲ್ಲ, ಎಲ್ಲ ನ್ಯಾಟ್ಸ್ ವೆಬ್ ಪೋರ್ಟಲ್‌ನಲ್ಲೇ.

ಕಂಪನಿ ಯಾಕೆ ಒಪ್ಪುತ್ತದೆ? 30 ಜನ ಅಥವಾ ಜಾಸ್ತಿ ಇದ್ದರೆ ಅಪ್ರೆಂಟಿಸ್ ಕಾಯ್ದೆಯಂತೆ ಶೇಕಡಾ 2.5ರಿಂದ 15ರಷ್ಟು ಹುಡುಗರನ್ನು ಇಟ್ಟುಕೊಳ್ಳಲೇಬೇಕು. ನನ್ನಂಥ ಸಣ್ಣವರಿಗೆ ಕಡ್ಡಾಯ ಇಲ್ಲ. ಆದರೂ ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಹೊಸ ಹುಡುಗನಿಗೆ ಮೊದಲ ಕೆಲವು ತಿಂಗಳು ಡ್ರಾಯಿಂಗ್ ಓದೋಕೇ ಬರೋದಿಲ್ಲ. ಅಳತೆ ನೋಡುವ ಮೈಕ್ರೋಮೀಟರನ್ನು ಸಿ-ಕ್ಲಾಂಪ್ ಬಿಗಿದ ಹಾಗೆ ಬಿಗಿಯುತ್ತಾನೆ, ರೀಡಿಂಗ್ ತಪ್ಪುತ್ತದೆ, ಮಾಡುತ್ತಿದ್ದ ಒಳ್ಳೆಯ ಬಿಡಿಭಾಗ ಸ್ಕ್ರಾಪಿಗೆ ಹೋಗುತ್ತದೆ. ಆ ನಷ್ಟದಲ್ಲಿ ಸರ್ಕಾರ ಪಾಲು ಹಾಕಿದರೆ ಕಲಿಸೋಕೆ ಧೈರ್ಯ ಬರುತ್ತದೆ. ಅಪ್ರೆಂಟಿಸ್‌ಗೆ ಪಿಎಫ್, ಇಎಸ್‌ಐ ಕಟ್ಟಬೇಕಿಲ್ಲ ಅನ್ನೋದೂ ಇದೆ, ಮುಚ್ಚಿಡೋದೇಕೆ. ಇದೇ ಕಾರಣಕ್ಕೆ ಕೆಲವರು ವರ್ಷವಿಡೀ ಪ್ಯಾಕಿಂಗ್ ಮಾಡಿಸಿ ಕಳಿಸಿಬಿಡುತ್ತಾರೆ. ಇಂಟರ್ವ್ಯೂನಲ್ಲೇ ಕೇಳಿಬಿಡು: ಯಾವ ಮಶಿನ್ ಮೇಲೆ ನಿಲ್ಲಿಸ್ತೀರಿ, ಹೋದ ವರ್ಷದ ಹುಡುಗ ಈಗ ಎಲ್ಲಿದ್ದಾನೆ?

ಸೇರಿದ ಮೇಲೆ ಪೋರ್ಟಲ್‌ನ ಕಾಂಟ್ರಾಕ್ಟ್ ಕೈಗೆ ಬರಬೇಕು. 'ಆಮೇಲೆ ಮಾಡೋಣ, ಈಗ ಕೆಲಸ ಶುರು ಮಾಡು' ಅಂದರೆ ನಂಬಬೇಡ. ಕಾಂಟ್ರಾಕ್ಟ್ ಇಲ್ಲದಿದ್ದರೆ ಸರ್ಕಾರದ ಪಾಲೂ ಇಲ್ಲ, ಕೊನೆಯಲ್ಲಿ ಸರ್ಟಿಫಿಕೇಟೂ ಇಲ್ಲ.

ಇನ್ನೊಂದು, ಇದನ್ನು ಊರಲ್ಲೇ ಮುಗಿಸಿಕೊಂಡು ಬಾ. ಸರ್ಕಾರದ ಪಾಲು ನೇರ ನಿನ್ನ ಖಾತೆಗೆ ಬೀಳುತ್ತದೆ, ಅದಕ್ಕೆ ಖಾತೆ ಆಧಾರ್‌ಗೆ ಜೋಡಣೆ ಆಗಿರಬೇಕು. ನಮ್ಮ ಕಡೆಯ ಹುಡುಗರದು ಮಾರ್ಕ್ಸ್ ಕಾರ್ಡಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಪಾಸ್‌ಬುಕ್‌ನಲ್ಲಿ ಅಡ್ಡಹೆಸರು. ಮೂರೂ ಒಂದೇ ಥರ ಮಾಡಿಸು. ಇಲ್ಲಿಗೆ ಬಂದ ಮೇಲೆ ಅದಕ್ಕಾಗಿ ರಜೆ ಹಾಕಿ ಊರಿಗೆ ಓಡಬೇಕಾಗುತ್ತದೆ.

ಬರೀ ಸ್ಟೈಪೆಂಡ್‌ನಲ್ಲಿ ಬದುಕೋದು ಕಷ್ಟ, ಅದನ್ನು ಅಪ್ಪನಿಗೆ ಈಗಲೇ ಹೇಳು. ಪೂರ್ತಿ ರೂಮು ಬೇಡ, ಒಂದು ಮಂಚಕ್ಕಷ್ಟೇ ಬಾಡಿಗೆ ಕೊಡುವ ಕಾಟ್ ಬೇಸಿಸ್‌ನಲ್ಲಿ ಇರು, ಊಟಕ್ಕೆ ಮೆಸ್ ಹಿಡಿ. ಕ್ಯಾಂಟೀನ್ ಇರುವ ಕಂಪನಿ ಸಿಕ್ಕರೆ ಬೇರೆಯವರಿಗಿಂತ ಐನೂರು ಕಡಿಮೆ ಕೊಟ್ಟರೂ ಅದೇ ವಾಸಿ. ಮರಾಠಿ ಬಗ್ಗೆ ಹೆದರಬೇಡ, ಶಾಪ್ ಫ್ಲೋರಲ್ಲಿ ತಾನಾಗೇ ಬರುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯವರು ಇಲ್ಲಿ ಬೇಕಾದಷ್ಟಿದ್ದಾರೆ, ಅವರಿಗೆ ಕನ್ನಡ ಬರುತ್ತದೆ.

ರಿಸಲ್ಟ್ ಬಂದ ಮೇಲೆ ಒಂದು ಮೆಸೇಜ್ ಹಾಕು. ನಮ್ಮ ಶಾಪ್‌ಗೆ ಗುರುವಾರ ರಜೆ, ಅವತ್ತು ಬಂದರೆ ಅಕ್ಕಪಕ್ಕದ ಎರಡು ಮೂರು ಕಡೆ ಕರೆದುಕೊಂಡು ಹೋಗುತ್ತೇನೆ.