ಲಸಿಕೆಯ ನಂತರ ನಾಯಿಮರಿಯ ಮುಖ ಊದಿಕೊಂಡಿತ್ತು. ಮುಂದಿನ ಲಸಿಕೆ ಹಾಕಿಸಬಹುದೇ?

ನಿಮ್ಮ 14 ವಾರದ ಡ್ಯಾಶ್‌ಹೌಂಡ್ ಮರಿಗೆ ಒಂದೇ ದಿನ ಸೆವೆನ್ ಇನ್ ಒನ್ (ಪಾರ್ವೋ, ಡಿಸ್ಟೆಂಪರ್ ಎಂಬ ಮಾರಕ ವೈರಸ್ ರೋಗಗಳು, ಇಲಿಜ್ವರ ಮೊದಲಾದವುಗಳ ವಿರುದ್ಧದ ಸಂಯುಕ್ತ ಲಸಿಕೆ) ಮತ್ತು ರೇಬೀಸ್ ಲಸಿಕೆ ಹಾಕಿಸಿದಾಗ ಮುಖ ಊದಿಕೊಂಡಿತೆಂದೂ, ಇನ್ನು ಮುಂದೆ ಸೂಜಿಯ ಸಹವಾಸವೇ ಬೇಡವೆಂದು ಮನೆಯ ಹಿರಿಯರು ಹೇಳುತ್ತಿದ್ದಾರೆಂದೂ ಬರೆದಿದ್ದೀರಿ. ನಾನು ಪಶುವೈದ್ಯನಲ್ಲ. ಆದರೆ ಶ್ರೀರಂಗಪಟ್ಟಣದಲ್ಲಿ ಇದೇ ತಳಿಯ ನಾಯಿಯನ್ನು ಒಂಬತ್ತು ವರ್ಷಗಳಿಂದ ಸಾಕುತ್ತಿದ್ದೇನೆ ಮತ್ತು ಇದೇ ಫಜೀತಿಯನ್ನು ಅನುಭವಿಸಿದ್ದೇನೆ. ಲಸಿಕೆಯನ್ನು ಬಿಡಬೇಡಿ, ಹಾಕಿಸುವ ಕ್ರಮವನ್ನು ಬದಲಾಯಿಸಿಕೊಳ್ಳಿ ಎಂಬುದೇ ನನ್ನ ಉತ್ತರ.

ಅಂದು ಮೈಸೂರಿನ ಕ್ಲಿನಿಕ್ಕಿನಲ್ಲಿ ಎರಡೂ ಸೂಜಿ ಹಾಕಿಸಿ, ಊಟದ ಹೊತ್ತಾಯಿತೆಂದು ನಾವು ಕೂಡಲೇ ಹೊರಟುಬಿಟ್ಟೆವು. ಕಾವೇರಿ ಸೇತುವೆ ಹತ್ತಿರವಾಗುವಷ್ಟರಲ್ಲಿ ನಮ್ಮ ನಾಯಿ ಕರಿಯ ತನ್ನ ಮೂತಿಯನ್ನು ನನ್ನ ಹೆಂಡತಿಯ ಮಡಿಲಿಗೆ ಉಜ್ಜತೊಡಗಿದ; ನೋಡನೋಡುತ್ತಿದ್ದಂತೆ ಕಣ್ಣುರೆಪ್ಪೆ, ತುಟಿ ಊದಿ, ಹೊಟ್ಟೆಯ ಮೇಲೆ ದದ್ದುಗಳೆದ್ದವು. ಜೇನುಹುಳ ಕಚ್ಚಿರಬೇಕೆಂದು ಭಾವಿಸಿ ಹತ್ತು ನಿಮಿಷ ಕಳೆದದ್ದು ನಮ್ಮ ದಡ್ಡತನ. ಹಿಂದಿರುಗಿ ಹೋದಾಗ ವೈದ್ಯರು ಅವಿಲ್ ಎಂಬ ಅಲರ್ಜಿ ನಿರೋಧಕ ಔಷಧಿ ಮತ್ತು ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ರಾತ್ರಿಯ ವೇಳೆಗೆ ಊತ ಇಳಿಯಿತು.

ಇಂತಹ ಅಲರ್ಜಿಯಲ್ಲಿ ಅಪಾಯಕಾರಿಯಾದದ್ದು ಬಹುತೇಕ ಮೊದಲ ಕೆಲವು ನಿಮಿಷಗಳಿಂದ ಒಂದು ಗಂಟೆಯೊಳಗೇ ಕಾಣಿಸಿಕೊಳ್ಳುತ್ತದೆ, ಆದ್ದರಿಂದ ಆ ಹೊತ್ತನ್ನು ಕ್ಲಿನಿಕ್ಕಿನ ಜಗುಲಿಯಲ್ಲಿಯೇ ಕಳೆಯಬೇಕು. ಮುಖದ ಊತ ಮತ್ತು ದದ್ದು ನೋಡುವವರನ್ನು ಗಾಬರಿಪಡಿಸುತ್ತವಾದರೂ ಸಾಮಾನ್ಯವಾಗಿ ಚಿಕಿತ್ಸೆಗೆ ಬೇಗ ಮಣಿಯುತ್ತವೆ. ನಾಯಿಗಳಲ್ಲಿ ಹೆಚ್ಚು ಭಯಪಡಬೇಕಾದದ್ದು ಒಮ್ಮೆಲೇ ಆರಂಭವಾಗುವ ವಾಂತಿ, ಭೇದಿ, ನಿಲ್ಲಲಾಗದಷ್ಟು ನಿಶ್ಶಕ್ತಿ ಮತ್ತು ಬಿಳಿಚಿಕೊಂಡ ಒಸಡುಗಳಿಗೆ, ಏಕೆಂದರೆ ಅಲ್ಲಿ ರಕ್ತದೊತ್ತಡ ಕುಸಿಯುತ್ತಿರುತ್ತದೆ. ತುಟಿಯನ್ನೆತ್ತಿ ಒಸಡನ್ನು ಬೆರಳಿನಿಂದ ಒತ್ತಿ ಬಿಡಿ. ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣ ಮರಳದಿದ್ದರೆ ತಡಮಾಡಬಾರದು. ಆಗ ಜೀವ ಉಳಿಸುವುದು ಅಡ್ರಿನಲಿನ್ ಇಂಜೆಕ್ಷನ್ ಮತ್ತು ಡ್ರಿಪ್ಪೇ ಹೊರತು ಮನೆಯಲ್ಲಿರುವ ಯಾವ ಮಾತ್ರೆಯೂ ಅಲ್ಲ.

ಲಸಿಕೆ ಹಾಕಿದ ಮೇಲೆ ಒಂದೆರಡು ದಿನ ಮಂಕಾಗಿರುವುದು, ಸ್ವಲ್ಪ ಮೈ ಬಿಸಿಯಾಗುವುದು, ಚುಚ್ಚಿದ ಜಾಗದಲ್ಲಿ ಸಣ್ಣ ಗಂಟಾಗುವುದು ಬೇರೆಯದೇ ವಿಷಯ. ಅವು ತಾವಾಗಿಯೇ ಹೋಗುತ್ತವೆ. ಆ ಜ್ವರಕ್ಕೆ ನಮ್ಮ ಡೋಲೋ, ಬ್ರೂಫೆನ್‌ಗಳನ್ನು ಮಾತ್ರ ಕೊಡಬೇಡಿ.

2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, 12 ಲಕ್ಷಕ್ಕೂ ಹೆಚ್ಚು ನಾಯಿಗಳ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದರಲ್ಲಿ, ಲಸಿಕೆಯ ಮೂರು ದಿನಗಳೊಳಗೆ ತೊಂದರೆ ಕಂಡುಬಂದದ್ದು 10,000 ನಾಯಿಗಳಿಗೆ ಸುಮಾರು 38ರಲ್ಲಿ. ನಾಯಿಯ ತೂಕ ಕಡಿಮೆಯಾದಷ್ಟೂ, ಒಂದೇ ಭೇಟಿಯಲ್ಲಿ ಹಾಕಿದ ಲಸಿಕೆಗಳ ಸಂಖ್ಯೆ ಹೆಚ್ಚಾದಷ್ಟೂ ಈ ಪ್ರಮಾಣ ಏರುತ್ತದೆಂದು ಅದರಲ್ಲಿ ತಿಳಿದುಬಂತು. ನಿಮ್ಮ ಮರಿಗೂ ನಮ್ಮ ಕರಿಯನಿಗೂ ಎರಡೂ ಅನ್ವಯಿಸುತ್ತವೆ. ಆದ್ದರಿಂದ ನಮ್ಮ ವೈದ್ಯರು ಮುಂದಿನ ಬಾರಿ ರೇಬೀಸ್ ಲಸಿಕೆಯನ್ನೂ ಉಳಿದದ್ದನ್ನೂ ಮೂರು ವಾರಗಳ ಅಂತರದಲ್ಲಿ ಹಾಕಿದರು, ಪ್ರತಿ ಬಾರಿಯೂ ಮುಂಚಿತವಾಗಿ ಅಲರ್ಜಿ ನಿರೋಧಕ ಔಷಧಿ ಕೊಟ್ಟರು, ಮತ್ತು ಸಂಜೆಯ ಬದಲು ಬೆಳಿಗ್ಗೆಯೇ ಬರಹೇಳಿದರು. ದಿನವಿಡೀ ಕ್ಲಿನಿಕ್ ತೆರೆದಿರುತ್ತದೆಯೆಂಬುದು ಅದರ ಲೆಕ್ಕಾಚಾರ. ಚಿಕ್ಕ ನಾಯಿಗೆ ಅರ್ಧ ಡೋಸ್ ಸಾಲದೇ ಎಂದು ನಾನೂ ಕೇಳಿದ್ದೆ. ಲಸಿಕೆಯ ಪ್ರಮಾಣ ತೂಕವನ್ನು ಅನುಸರಿಸುವುದಿಲ್ಲ, ಅರ್ಧ ಹಾಕಿದರೆ ರಕ್ಷಣೆಯ ಭರವಸೆ ಇರದು, ಅಲರ್ಜಿಯಂತೂ ಹನಿಯಷ್ಟಕ್ಕೂ ಆಗಬಹುದು ಎಂದರು.

ತಾಯಿಯಿಂದ ಬಂದ ರೋಗನಿರೋಧಕಗಳು ಲಸಿಕೆಯ ಕೆಲಸಕ್ಕೆ ಅಡ್ಡಿಯಾಗುವುದರಿಂದ, 16 ವಾರ ತುಂಬಿದ ಮೇಲೆ ಪಾರ್ವೋ ಮತ್ತು ಡಿಸ್ಟೆಂಪರ್ ವಿರುದ್ಧ ಒಂದು ಡೋಸ್ ಬಿದ್ದೇ ತೀರಬೇಕು. ನಿಮ್ಮ ಮರಿ ಈಗ ಅದರ ಹೊಸ್ತಿಲಲ್ಲಿದೆ. ಮುಂದೆ ವರ್ಷದ ಬೂಸ್ಟರ್ ಆದ ನಂತರ ಇವನ್ನು ಮೂರು ವರ್ಷಕ್ಕೊಮ್ಮೆ ಹಾಕಿದರೆ ಸಾಕೆಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿಯ ಸಲಹೆಯಾದ್ದರಿಂದ ಸೂಜಿಗಳನ್ನು ಕಡಿಮೆ ಮಾಡಬಹುದು. ರೇಬೀಸ್ ಲಸಿಕೆಯನ್ನು ಮಾತ್ರ ವೈದ್ಯರು ಹೇಳಿದ ಅವಧಿಗೆ ತಪ್ಪಿಸುವಂತಿಲ್ಲ. ಇಲಿಜ್ವರದ ಲಸಿಕೆಯೇ ಅಲರ್ಜಿಗೆ ಕಾರಣವೆಂದು ಅದನ್ನು ಕೈಬಿಡಿಸಲು ಕೆಲವರು ಸೂಚಿಸುತ್ತಾರೆ. ಬಹುಮಹಡಿ ಕಟ್ಟಡದಲ್ಲೇ ಇರುವ ನಾಯಿಯಾದರೆ ವೈದ್ಯರೊಡನೆ ಚರ್ಚಿಸಿ ತೀರ್ಮಾನಿಸಬಹುದೇನೋ. ಇಲಿಗಳು ಓಡಾಡುವ ಗದ್ದೆಬದುಗಳಲ್ಲಿ, ನಾಲೆಯ ನೀರಿನಲ್ಲಿ ಅಡ್ಡಾಡುವ ನಮ್ಮ ಮಂಡ್ಯ ಸೀಮೆಯ ನಾಯಿಗೆ ಅದನ್ನು ಬಿಡಿಸಲು ನನಗೆ ಧೈರ್ಯವಾಗಲಿಲ್ಲ.

ನಿಮ್ಮ ಲಸಿಕೆ ಪುಸ್ತಕದಲ್ಲಿ ಅಂದಿನ ಸ್ಟಿಕ್ಕರ್ ಇದ್ದೇ ಇರುತ್ತದೆ. ಅದರ ಪಕ್ಕದಲ್ಲಿ ಎಷ್ಟು ನಿಮಿಷಕ್ಕೆ ಊತ ಆರಂಭವಾಯಿತು, ಯಾವ ಔಷಧಿಗೆ ಇಳಿಯಿತು ಎಂಬುದನ್ನು ಕೆಂಪು ಶಾಯಿಯಲ್ಲಿ ಬರೆದಿಡಿ. ಮುಂದೆ ಬೇರೆ ವೈದ್ಯರ ಬಳಿ ಹೋಗಬೇಕಾದರೂ ಅವರು ಸಿರಿಂಜ್ ತೆಗೆಯುವ ಮೊದಲು ಆ ಪುಟವನ್ನು ತೋರಿಸಿ.