ಹೊಳೆ ಏರುವ ಮೊದಲೇ ಮನೆ ಬಿಡುವ ತಯಾರಿ

ಪ್ರಶ್ನೆ: ನಮ್ಮದು ಚಿಕ್ಕೋಡಿ ತಾಲೂಕಿನಲ್ಲಿ ಕೃಷ್ಣಾ ದಂಡೆಯ ಊರು. 2019ರ ಆಗಸ್ಟ್‌ನಲ್ಲಿ ರಾತ್ರಿ ಹೊತ್ತು ಉಟ್ಟ ಬಟ್ಟೆಯಲ್ಲೇ ಹೊರಬಿದ್ದೆವು. ಅತ್ತೆಗೆ ಎದ್ದು ಓಡಾಡಲು ಆಗುವುದಿಲ್ಲ, ದಿನಾ ಇನ್ಸುಲಿನ್ ಬೇಕು. ಎರಡು ಎಮ್ಮೆ ಇವೆ. ಅವನ್ನು ಬಿಟ್ಟು ಬರೋದಿಲ್ಲ ಅಂತ ಯಜಮಾನರು ಕೊನೇ ತನಕ ಹಟ ಹಿಡಿದಿದ್ದರು. ಈ ಸಲ ಮೊದಲೇ ತಯಾರಾಗಿರಬೇಕು. ಬ್ಯಾಗಿನಲ್ಲಿ ಏನೇನು ಇಟ್ಟುಕೊಳ್ಳಲಿ?

ಉತ್ತರ: ಬ್ಯಾಗ್ ತುಂಬುವುದು ಒಂದು ಸಂಜೆಯ ಕೆಲಸ. ಅದಕ್ಕಿಂತ ಮೊದಲು ಮನೆಯವರೆಲ್ಲ ಕೂತು ತೀರ್ಮಾನ ಮಾಡಬೇಕಾದ ಮಾತು ಎರಡಿವೆ. ಯಾವಾಗ ಹೊರಡುವುದು? ಎಮ್ಮೆ ಎಲ್ಲಿಗೆ?

ನಿಮ್ಮ ಯಜಮಾನರ ಹಟವನ್ನು ನಾನು ತಪ್ಪು ಅನ್ನುವುದಿಲ್ಲ. ಹಾಲು ಮಾರಿ ಸಂಸಾರ ನಡೆಸುವವರಿಗೆ ಎಮ್ಮೆ ಬಿಟ್ಟು ಬಾ ಅಂದರೆ ಹೇಗೆ ಬಂದಾರು? ಆದ್ದರಿಂದ ಮಳೆಗಾಲಕ್ಕೆ ಮುಂಚೆಯೇ ಎತ್ತರದ ಊರಿನ ನೆಂಟರ ಹತ್ತಿರ ಮಾತಾಡಿ, ಎಮ್ಮೆ ಕಟ್ಟಲು ಜಾಗ ಗೊತ್ತು ಮಾಡಿ. ಒಂದಿಷ್ಟು ಕಣಿಕೆಯನ್ನೂ ಅಲ್ಲೇ ಒಟ್ಟಿಡಿ. ಎಮ್ಮೆಗಳ ಕಿವಿಯ ಟ್ಯಾಗ್ ಕಾಣುವಂತೆ ಫೋಟೋ ತೆಗೆದಿಟ್ಟುಕೊಳ್ಳಿ, ಮುಂದೆ ಪರಿಹಾರ ಕೇಳುವಾಗ ಬೇಕಾಗುತ್ತದೆ. ಏನೂ ದಾರಿಯಿಲ್ಲದೆ ಬಿಟ್ಟೇ ಬರಬೇಕಾದರೆ ಹಗ್ಗ ಬಿಚ್ಚಿ ಬನ್ನಿ. ಎಮ್ಮೆ ಚೆನ್ನಾಗಿ ಈಜುತ್ತದೆ. ಗೂಟಕ್ಕೆ ಕಟ್ಟಿಹಾಕಿದರೆ ಅಲ್ಲೇ ಮುಳುಗುತ್ತದೆ.

ಇನ್ನು ಯಾವಾಗ ಹೊರಡುವುದು ಎಂಬ ಮಾತು. ನಿಮ್ಮ ಊರಲ್ಲಿ ಬಿಸಿಲು ಇದೆ ಅಂತ ಸುಮ್ನೆ ಕೂರುವ ಹಾಗಿಲ್ಲ. ಮಹಾರಾಷ್ಟ್ರದ ಘಟ್ಟದಲ್ಲಿ ಸುರಿದ ಮಳೆ, ಕೊಯ್ನಾ ಜಲಾಶಯದಿಂದ ಬಿಟ್ಟ ನೀರು ಎಲ್ಲ ಸೇರಿ ಕೆಳಗೆ ಬರುತ್ತದೆ. ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯುಸೆಕ್, ಕೃಷ್ಣೆಗೆ ಸೇರುವ ದೂಧಗಂಗಾ ಹೊಳೆಯಿಂದ ಎಷ್ಟು ಅಂತ ಮಳೆಗಾಲದಲ್ಲಿ ದಿನಾ ಸುದ್ದಿ ಬರುತ್ತದೆ. ಎರಡನ್ನೂ ಕೂಡಿಸಿದರೆ ಕಲ್ಲೋಳದ ಹತ್ತಿರ ಹೊಳೆಯಲ್ಲಿ ಎಷ್ಟು ನೀರಿದೆ ಅಂತ ಅಂದಾಜು ಸಿಗುತ್ತದೆ. ಆ ಅಂಕಿ ದಿನದಿಂದ ದಿನಕ್ಕೆ ಏರುತ್ತಿದೆಯಾ ಅಂತ ನೋಡಿ. ಕಲ್ಲೋಳ-ಯಡೂರ ಸೇತುವೆಯಂಥ ತಗ್ಗಿನ ಸೇತುವೆಗಳು ಮುಳುಗಿದರೆ ಅದನ್ನು ಮೊದಲ ಸೂಚನೆ ಅಂತ ಹಿಡಿಯಿರಿ. ಅವತ್ತೇ ಅತ್ತೆಯನ್ನೂ ಎಮ್ಮೆಗಳನ್ನೂ ಸಾಗಿಸಿ. ಸುಮ್ನೆ ಹೋಗಿ ಬಂದಂತಾದರೂ ಪರವಾಗಿಲ್ಲ. ಉಳಿದವರು ಎಷ್ಟು ದಿನ ಇರಬಹುದು? ಇದಕ್ಕೆ ನಿಮ್ಮ ಮನೆಯ ಹೊಸ್ತಿಲು ನೋಡಬೇಡಿ, ಊರಿನಿಂದ ಹೊರಗೆ ಹೋಗುವ ರಸ್ತೆ ನೋಡಿ. ಹೊಳೆ ತುಂಬಿದಾಗ ನೀರು ಹಳ್ಳದಲ್ಲಿ ಹಿಂದಕ್ಕೆ ನುಗ್ಗುತ್ತದೆ, ಎಷ್ಟೋ ಊರುಗಳಲ್ಲಿ ಮನೆಗಿಂತ ಮೊದಲು ರಸ್ತೆ ಮುಳುಗುವುದು ಇದರಿಂದಲೇ. 2019ರಲ್ಲಿ ಯಾವ ತಗ್ಗಿನಲ್ಲಿ ಮೊದಲು ನೀರು ನಿಂತಿತು ಅಂತ ನಿಮಗೆ ಗೊತ್ತೇ ಇದೆ. ಅಲ್ಲಿಗೆ ನೀರು ಬರುವ ಮೊದಲು, ಹಗಲು ಹೊತ್ತಿನಲ್ಲೇ ಹೊರಡಿ. ಪಂಚಾಯಿತಿಯವರು ಮೈಕಿನಲ್ಲಿ ಹೇಳಿದ ಮೇಲಂತೂ ಒಂದು ಗಳಿಗೆಯೂ ಕಾಯಬೇಡಿ.

ಅತ್ತೆಯನ್ನು ಎತ್ತಿಕೊಂಡು ಹೋಗುವುದನ್ನು ಒಂದು ಸಲ ಮಾಡಿ ನೋಡಿ. ಕೈ ಇರುವ ಗಟ್ಟಿ ಕುರ್ಚಿಯಲ್ಲಿ ಕೂರಿಸಿ, ಎದೆ ಹತ್ತಿರ ದುಪ್ಪಟಿ ಸುತ್ತಿ ಕುರ್ಚಿಗೆ ಕಟ್ಟಿ, ಇಬ್ಬರು ಎತ್ತಬೇಕು. ಬಾಗಿಲಲ್ಲಿ ಕುರ್ಚಿ ಹಿಡಿಸುತ್ತಾ, ಟ್ರ್ಯಾಕ್ಟರ್ ಟ್ರೈಲರಿಗೆ ಹತ್ತಿಸಲು ಇನ್ನೊಬ್ಬರು ಬೇಕಾ, ಎಲ್ಲ ಆಗ ತಿಳಿಯುತ್ತದೆ.

ಇನ್ಸುಲಿನ್ ವಿಷಯದಲ್ಲಿ ಭಯ ಬೇಡ. ತೆರೆಯದ ಬಾಟಲಿಯನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಬಳಸುತ್ತಿರುವ ಬಾಟಲಿ ತಂಪಾದ ಜಾಗದಲ್ಲಿದ್ದರೆ ಸಾಮಾನ್ಯವಾಗಿ 4 ವಾರ ತಡೆಯುತ್ತದೆ. ನಿಮ್ಮದು ಎಷ್ಟು ದಿನ ಅಂತ ಅದರ ಚೀಟಿ ನೋಡಿ. ಕರೆಂಟ್ ಇಲ್ಲದಿದ್ದರೆ ದೊಡ್ಡ ಮಡಕೆಯಲ್ಲಿ ಒದ್ದೆ ಮರಳು ಹಾಕಿ, ಅದರೊಳಗೆ ಚಿಕ್ಕ ಮಡಕೆ ಇಟ್ಟು, ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅದರಲ್ಲಿಡಿ. ಐಸ್ ಮೇಲೆ ನೇರವಾಗಿ ಇಡಬೇಡಿ, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಮತ್ತೆ ಕೆಲಸಕ್ಕೆ ಬಾರದು. ಕಾಳಜಿ ಕೇಂದ್ರದಲ್ಲಿ (ಹೊಳೆ ಬಂದಾಗ ತಂಗಲು ಸರ್ಕಾರ ತೆರೆಯುವ ಜಾಗ) ಊಟ ತಡವಾಗಬಹುದು. ಊಟ ಎದುರಿಗೆ ಬರುವ ತನಕ ಊಟದ ಮುಂಚಿನ ಸೂಜಿ ಹಾಕಬೇಡಿ. ಮೈ ನಡುಗಿ ಬೆವರು ಬಂದರೆ ತಕ್ಷಣ ಕೊಡಲು ಸಕ್ಕರೆ ಜೊತೆಗಿರಲಿ.

ಬ್ಯಾಗಿಗೆ: ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಪಹಣಿ ಇವೆಲ್ಲ ನೀರು ಹೋಗದ ಚೀಲದಲ್ಲಿ. ಅವುಗಳ ಫೋಟೋ ಬೇರೆ ಊರಿನಲ್ಲಿರುವ ಮಕ್ಕಳ ಮೊಬೈಲಿನಲ್ಲೂ ಇರಲಿ. ಔಷಧಿ ಮತ್ತು ಡಾಕ್ಟರ ಚೀಟಿ, ಟಾರ್ಚ್, ಪವರ್ ಬ್ಯಾಂಕ್, ಚಿಲ್ಲರೆ ದುಡ್ಡು, ಒಂದು ದಿನಕ್ಕಾಗುವ ನೀರು, ಕಟಕ ರೊಟ್ಟಿ, ಶೇಂಗಾ ಚಟ್ನಿ. ಹೊರಡುವಾಗ ಮೇನ್ ಸ್ವಿಚ್ ತೆಗೆಯಿರಿ, ಗ್ಯಾಸ್ ರೆಗ್ಯುಲೇಟರ್ ಬಂದ್ ಮಾಡಿ. ಸ್ವಿಚ್ ಹತ್ತಿರ ಆಗಲೇ ನೀರು ನಿಂತಿದ್ದರೆ ಮುಟ್ಟಲೇಬೇಡಿ.

ಪ್ರಶ್ನೆ: ಸೇತುವೆ ಮೇಲೆ ಮೊಳಕಾಲಿಗಿಂತ ಕಡಿಮೆ ನೀರಿದ್ದರೆ ಬೈಕ್ ದಾಟಿಸಬಹುದಾ? (ಜಮಖಂಡಿಯ ಓದುಗರು)

ಉತ್ತರ: ಬೇಡ. ರಭಸವಾಗಿ ಹರಿಯುವ ನೀರು ಅರ್ಧ ಅಡಿ ಇದ್ದರೂ ದೊಡ್ಡವರನ್ನು ಬೀಳಿಸಬಲ್ಲದು. ಒಂದು ಅಡಿ ನೀರು ಸಣ್ಣ ಕಾರನ್ನೇ ಎತ್ತುತ್ತದೆ. ನೀರಿನ ಕೆಳಗೆ ರಸ್ತೆ ಕಿತ್ತುಹೋಗಿದ್ದರೆ ಮೇಲಿಂದ ಕಾಣುವುದೂ ಇಲ್ಲ. ಸಿಕ್ಕಿಹಾಕಿಕೊಂಡರೆ 112ಕ್ಕೆ ಅಥವಾ ಜಿಲ್ಲಾ ಕಂಟ್ರೋಲ್ ರೂಮಿನ 1077ಕ್ಕೆ ಫೋನ್ ಮಾಡಿ.

ಪ್ರಶ್ನೆ: ನೀರು ಇಳಿದ ಮೇಲೆ ಮನೆಗೆ ಹೋದರೆ ಮೊದಲು ಏನು ಮಾಡಬೇಕು? (ಗೋಕಾಕದ ಓದುಗರು)

ಉತ್ತರ: ಮೊದಲು ಹೊರಗೇ ನಿಂತು ಗೋಡೆ ನೋಡಿ. ಮಣ್ಣಿನ ಗೋಡೆ ನೆನೆದು ಉಬ್ಬಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಒಳಗೆ ಹೋಗಬೇಡಿ. ನೀರು ಇಳಿದ ಮೇಲೆ ಬೀಳುವ ಮನೆಗಳೂ ಬಹಳ. ಗೋಡೆ ಗಟ್ಟಿಯಿದ್ದರೆ ಬೂಟು ಹಾಕಿಕೊಂಡು, ಕೋಲು ಹಿಡಿದು, ಹಗಲಲ್ಲೇ ಒಳಗೆ ಹೋಗಿ. ಹಾಸಿಗೆ, ಪಾತ್ರೆ, ಕಟ್ಟಿಗೆ ರಾಶಿಯಲ್ಲಿ ಹಾವು ಇರಬಹುದು. ಕೆಸರು ಬಳಿಯುವ ಮೊದಲು ಗೋಡೆಯ ಮೇಲೆ ನೀರು ನಿಂತ ಗುರುತು, ಹಾಳಾದ ಕಾಳುಕಡಿ ಎಲ್ಲದರ ಫೋಟೋ ತೆಗೆಯಿರಿ. ತೊಳೆದ ಮೇಲೆ ಪಂಚನಾಮೆಗೆ ಬಂದವರಿಗೆ ತೋರಿಸಲು ಏನೂ ಉಳಿದಿರುವುದಿಲ್ಲ. ಎಲೆಕ್ಟ್ರಿಷಿಯನ್ ನೋಡುವ ತನಕ ಮೇನ್ ಹಾಕಬೇಡಿ. ಬಾವಿ, ಬೋರಿನ ನೀರನ್ನು ಪಂಚಾಯಿತಿಯವರು ಪರೀಕ್ಷೆ ಮಾಡಿಸಿ ಹೇಳುವ ತನಕ ಕಾಯಿಸಿ ಆರಿಸಿಯೇ ಕುಡಿಯಿರಿ.