ಬೇಸ್‌ಬಾಲ್ ಗೊತ್ತಿಲ್ಲದವರು 1948ರ ಕ್ಲೀವ್‌ಲ್ಯಾಂಡ್ ತಂಡದ ಕಥೆ ಓದಬಹುದಾ?

ಖಂಡಿತ ಓದಿ. 1920ರ ನಂತರ ವರ್ಲ್ಡ್ ಸೀರೀಸ್ (ಅಮೆರಿಕದ ಬೇಸ್‌ಬಾಲ್ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಫೈನಲ್ ಸರಣಿ) ಗೆದ್ದಿರದ ತಂಡ ಅದು, 1947ರಲ್ಲಿ ಲೀಗಿನಲ್ಲಿ ನಾಲ್ಕನೇ ಸ್ಥಾನ. ಅದೇ ವರ್ಷ ಜುಲೈನಲ್ಲಿ, ಆಧುನಿಕ ಕಾಲದ ದೊಡ್ಡ ಲೀಗುಗಳಿಗೆ ಮೊದಲ ಕಪ್ಪು ಆಟಗಾರನಾಗಿ ಜಾಕಿ ರಾಬಿನ್ಸನ್ ಬಂದು ಮೂರು ತಿಂಗಳೂ ಆಗಿರದಾಗ, ಮಾಲೀಕ ಬಿಲ್ ವೆಕ್ ಅವರು ಲ್ಯಾರಿ ಡೋಬಿಯನ್ನು ಕರೆತಂದರು. ಎರಡು ದೊಡ್ಡ ಲೀಗುಗಳಲ್ಲಿ ಒಂದಾದ ಅಮೆರಿಕನ್ ಲೀಗಿಗೆ ಡೋಬಿಯೇ ಮೊದಲ ಕಪ್ಪು ಆಟಗಾರ. ಮೊದಲ ದಿನ ತಂಡದವರೇ ಕೆಲವರು ಕೈ ಕುಲುಕಲಿಲ್ಲ. ಮರುವರ್ಷ 42 ವಯಸ್ಸಿನ ಕಪ್ಪು ಪಿಚರ್ (ಚೆಂಡು ಎಸೆಯುವವರು) ಸ್ಯಾಚೆಲ್ ಪೇಜ್ ಬಂದಾಗ ಸುಮ್ನೆ ಪ್ರಚಾರಕ್ಕೆ ಅಂದವರಿದ್ದರು. ಪೇಜ್ 6 ಪಂದ್ಯ ಗೆದ್ದು ಒಂದೇ ಸೋತರು. ಬೋಸ್ಟನ್ ಬ್ರೇವ್ಸ್ ವಿರುದ್ಧದ ಫೈನಲ್ ಸರಣಿಯ ನಾಲ್ಕನೇ ಪಂದ್ಯ 2-1ರಿಂದ ಗೆದ್ದಾಗ ಡೋಬಿ ಹೋಮ್‌ರನ್ (ಕ್ರಿಕೆಟ್ಟಿನ ಸಿಕ್ಸರ್‌ನಂಥ ಹೊಡೆತ) ಹೊಡೆದಿದ್ದರು. ಆಮೇಲೆ ಅವರೂ ತಂಡದ ಬಿಳಿಯ ಪಿಚರ್ ಸ್ಟೀವ್ ಗ್ರೊಮೆಕ್ಕೂ ತಬ್ಬಿಕೊಂಡು ನಗುವ ಫೋಟೊ ಪತ್ರಿಕೆಗಳಲ್ಲಿ ಬಂತು, ಆ ಕಾಲಕ್ಕೆ ಅದು ಸಣ್ಣ ವಿಷಯ ಅಲ್ಲ ಅಲ್ವಾ? ಸರಣಿ 4-2ರಿಂದ ಕ್ಲೀವ್‌ಲ್ಯಾಂಡ್ ಪಾಲಾಯಿತು. ಸ್ಕೋರು ತಲೆಗೆ ಹೋಗದಿದ್ದರೆ ಹಾರಿಸಿ, ಡೋಬಿಯ ಭಾಗ ಮಾತ್ರ ಬಿಡಬೇಡಿ.